ಕರಡಿಯೂ ‘ಇ’ ಟೈರೂ

"ತಲೆ ಕಾಣ್ತಿದೆ ಅಪ್ಪಾ!"

ಟ್ರಕ್ಕಿನ ಪಕ್ಕ ಮಂಜಿನ ಮೇಲೆ ಬೋರಲು ಮಲಗಿದ್ದ ಲೆಂಪಿ ಕೂಗಿದಳು.

"ಎಷ್ಟು ಕಾಣ್ತಿದೆ?"

"ಕೂದಲು, ಹಣೆ, ಕಿವಿ, ಮೂಗು... ಇನ್ನೊಂಚೂರು ಸವೆದಿದ್ರೆ ನಾಣ್ಯ ನಿಲ್ತಾನೇ ಇರಲಿಲ್ಲ!"

ಅಮೆರಿಕದ ಆಲ್ಡರ್ ಬೇ ಊರಿನಲ್ಲಿ ಟೈರು ನೋಡುವುದೇ ಹೀಗೆ. ಒಂದು ಸೆಂಟಿನ ನಾಣ್ಯವನ್ನು ತಲೆಕೆಳಗು ಮಾಡಿ ಟೈರಿನ ಗೀರಿನೊಳಗೆ ತುರುಕಬೇಕು. ನಾಣ್ಯದ ಮೇಲಿರುವ ಲಿಂಕನ್ನರ ತಲೆ ರಬ್ಬರಿನಲ್ಲಿ ಮುಳುಗಿದರೆ ಟೈರು ಗಟ್ಟಿಯಾಗಿದೆ ಎಂದರ್ಥ. ತಲೆ ಪೂರ್ತಿ ಹೊರಗೆ ಕಂಡರೆ ಟೈರಿನ ಕತೆ ಮುಗಿಯಿತು.

ಅಪ್ಪ ಡೇಲ್ ಬಗ್ಗಿ ನೋಡಿದ. ಅವನ ಮುಖ ಇಳಿದುಹೋಯಿತು. "ಹೋದ ಚಳಿಗಾಲದಲ್ಲಿ ತಾನೇ ಹಾಕಿಸಿದ್ದು! ಮೂರು ವರ್ಷ ಬರುತ್ತೆ ಅಂದಿದ್ರು."

ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಮುಮ್ಮು ನಿಂತಿದ್ದಳು. ಮುಮ್ಮು ಅಂದರೆ ಲೆಂಪಿಯ ಅಜ್ಜಿ. ಆ ಊರಲ್ಲಿ ಫಿನ್‌ಲ್ಯಾಂಡಿನಿಂದ ಬಂದವರ ಮನೆಗಳಲ್ಲಿ ಅಜ್ಜಿಯನ್ನು ಹಾಗೇ ಕರೆಯುವುದು.

"ಬರುತ್ತೆ ಬರುತ್ತೆ," ಎಂದಳು ಮುಮ್ಮು. "ಮನೆಯಷ್ಟು ಭಾರ ಇರೋ ಗಾಡೀನ ಮೊಲದ ಥರ ಹಾರಿಸ್ತೀಯಲ್ಲೋ. ಊರಲ್ಲಿರೋದು ಒಂದೇ ಸಿಗ್ನಲ್ಲು. ಅಲ್ಲಿ ಹಸಿರು ದೀಪ ಬರೋದೇ ತಡ, ನನ್ನ ತಲೆ ಸೀಟಿಗೆ ಅಂಟ್ಕೊಳ್ಳುತ್ತೆ."

"ಅದು ಎಲೆಕ್ಟ್ರಿಕ್ ಟ್ರಕ್ಕು ಅಮ್ಮಾ. ಮೆಲ್ಲಗೆ ತುಳಿದ್ರೂ ಹಾಗೇ ಹೋಗೋದು."

"ಮೆಲ್ಲಗೆ ತುಳಿದಿದ್ದು ಯಾವತ್ತು? ಹೇಳು, ನಾನೂ ನೋಡ್ಬೇಕಿತ್ತು."

ಲೆಂಪಿಗೆ ನಗು ಬರಲಿಲ್ಲ. ಟೈರು ಹೀಗಾದದ್ದು ಎಂಥ ವಾರದಲ್ಲಿ! ಶನಿವಾರ ಕರಡಿ ಹಬ್ಬ.

ಚಳಿಗಾಲ ಅರ್ಧ ಮುಗಿದ ದಿನ, ಗವಿಯಲ್ಲಿ ಮಲಗಿದ ಕರಡಿ ಮಗ್ಗುಲು ಬದಲಿಸುತ್ತದಂತೆ. ಅದಕ್ಕೇ ಊರಿನಲ್ಲಿ ಮೆರವಣಿಗೆ. ಮೂರನೇ, ನಾಲ್ಕನೇ ತರಗತಿಗಳು ಒಟ್ಟಿಗೇ ಕೂರುವ ಮಿಸ್ ಪೆಲ್ಟೊ ಟೀಚರ್ ಕ್ಲಾಸಿನ ಮಕ್ಕಳು ಹಳೇ ರಜಾಯಿ, ಹಳೇ ಕೋಟುಗಳನ್ನೆಲ್ಲ ಹೊಲಿದು ಒಂದು ದೊಡ್ಡ ಕರಡಿ ಮಾಡುತ್ತಾರೆ. ಅದನ್ನು ಟ್ರೇಲರ್ ಮೇಲೆ ಮಲಗಿಸಿ, ಅದರೊಳಗೆ ಮಕ್ಕಳೇ ತೂರಿಕೊಳ್ಳುತ್ತಾರೆ. ಕ್ವಾರಿ ಸ್ಟ್ರೀಟಿನ ಏರಿನಲ್ಲಿ ಮಿಸ್ ಪೆಲ್ಟೊ ಸೀಟಿ ಊದಿದ ಕೂಡಲೇ ಎಲ್ಲರೂ ಒಟ್ಟಿಗೆ ಉರುಳಬೇಕು. ಆಗ ಕರಡಿ ಮಗ್ಗುಲು ಬದಲಿಸುತ್ತದೆ.

ಕ್ಲಾಸಿನಲ್ಲಿ ಒಂದು ರೂಲು ಇತ್ತು. ಟ್ರೇಲರ್ ಎಳೆಯುವುದು ಯಾರ ಟ್ರಕ್ಕೋ, ಕರಡಿಯ ತಲೆ ಅವರದು. ತಲೆಯಾದವರು ಕರಡಿಯ ಬಾಯಿಂದ ಮುಖ ಹೊರಗೆ ಹಾಕಿ ಗರ್ಜಿಸಬಹುದು. ಇಡೀ ಊರು ಅವರನ್ನೇ ನೋಡುತ್ತದೆ. ಹಿಂದಿನ ಕಾಲಾದವರಿಗೆ ಕಾಣುವುದು ಬರೀ ಕತ್ತಲು. ಮೂಗಿಗೆ ಮುಂದಿರುವವರ ಕಾಲುಚೀಲ.

ಹೋದ ವರ್ಷ ಟ್ರೇಲರ್ ಎಳೆದದ್ದು ಅದೇ ಕ್ಲಾಸಿನ ವೇಡ್‌ನ ಅಪ್ಪನ ಡೀಸೆಲ್ ಟ್ರಕ್ಕು. ತಲೆ ವೇಡ್‌ನದು. ಡೀಸೆಲ್ ಹೊಗೆಯೆಲ್ಲ ಕರಡಿಯೊಳಗೆ ತುಂಬಿಕೊಂಡು, ಕರಡಿ ದಾರಿಯುದ್ದಕ್ಕೂ ಕೆಮ್ಮಿತು. ಮಗ್ಗುಲು ಬದಲಿಸುವ ಹೊತ್ತಿಗೆ ಅದಕ್ಕೆ ಸೀನು ಬಂತು. ಅದಕ್ಕೇ ಈ ಸಲ ಮಿಸ್ ಪೆಲ್ಟೊ ಹೊಗೆಯಿಲ್ಲದ, ಸದ್ದಿಲ್ಲದ ಲೆಂಪಿಯ ಮನೆಯ ಟ್ರಕ್ಕನ್ನು ಆರಿಸಿದ್ದರು. ತಲೆ ಲೆಂಪಿಗೆ, ಹಿಂದಿನ ಕಾಲು ವೇಡ್‌ಗೆ.

ಆದರೆ ಮಿಸ್ ಪೆಲ್ಟೊ ಅವರ ಕಣ್ಣು ಹದ್ದಿನ ಕಣ್ಣು. ಸೋಮವಾರ ಸ್ಕೂಲಿನ ಗೇಟಿನಲ್ಲಿ ಟ್ರಕ್ಕು ಜಾರಿದ್ದನ್ನು ಅವರು ಕಿಟಕಿಯಿಂದಲೇ ನೋಡಿಬಿಟ್ಟಿದ್ದರು. "ಲೆಂಪಿ, ಆ ಬೋಳು ಟೈರಲ್ಲಿ ನನ್ನ ಮಕ್ಕಳನ್ನ ಏರು ಹತ್ತಿಸೋಕೆ ಬಿಡಲ್ಲ. ಶನಿವಾರದೊಳಗೆ ಹೊಸದು ಹಾಕಿಸಿದ್ರೆ ಸರಿ. ಇಲ್ಲಾಂದ್ರೆ ಡೀಸೆಲ್ಲೇ."

ಹಿಂದಿನ ಬೆಂಚಿನಿಂದ ವೇಡ್ ಆಗಲೇ ಗರ್ಜನೆ ಪ್ರಾಕ್ಟೀಸ್ ಶುರುಮಾಡಿದ್ದ.

*

ಕೋರಾಳ ಟೈರ್ ಅಂಗಡಿಯಲ್ಲಿ ರಬ್ಬರಿನ ವಾಸನೆ, ಕಾಫಿಯ ವಾಸನೆ ಎರಡೂ ಬೆರೆತಿತ್ತು. ಕೌಂಟರಿನ ಮೇಲೆ ಒಂದು ಡಬ್ಬಿ ಡೋನಟ್, ಅದರ ಪಕ್ಕದಲ್ಲಿ ಒಂದು ದಪ್ಪ ಬೆಕ್ಕು. ಗೋಡೆಯ ಮೇಲೆ ಒಂದು ರಿಮ್ ಪಳಪಳ ಹೊಳೆಯುತ್ತಿತ್ತು. ಅಪ್ಪ, ಮಗಳು ಇಬ್ಬರೂ ಒಳಗೆ ಕಾಲಿಡುತ್ತಲೇ ಅದರ ಮುಂದೆ ಹೋಗಿ ನಿಂತರು.

"ನೋಡ್ಬೇಡ ಡೇಲ್," ಕೋರಾ ಅಲ್ಲಿಂದಲೇ ಹೇಳಿದಳು. "ಅದು ಇಪ್ಪತ್ತೆರಡು ಇಂಚು. ನಿನಗೆ ಬೇಕಿರೋದು ಇದು." ಅವಳು ಕಾಲಿನಿಂದ ಒಂದು ಟೈರನ್ನು ಮುಂದಕ್ಕೆ ತಳ್ಳಿದಳು. ಹದಿನೆಂಟು ಇಂಚಿನ ರಿಮ್ಮು, ಮಂಕು ಕಪ್ಪು ಬಣ್ಣ. ಸೂಪಿನ ಪಾತ್ರೆಯ ಮುಚ್ಚಳದಂತಿತ್ತು.

"ಇಪ್ಪತ್ತೆರಡು ದೊಡ್ಡದಲ್ವಾ?" ಲೆಂಪಿ ಕೇಳಿದಳು. "ನಮ್ಮ ಟ್ರಕ್ಕು ದೊಡ್ಡದು. ದೊಡ್ಡದೇ ಹಾಕೋಣ."

"ಟೈರು ಹಾಕಿದ್ಮೇಲೆ ಎರಡೂ ಒಂದೇ ಎತ್ತರ ಕಣೇ." ಕೋರಾ ಡಬ್ಬಿಯಿಂದ ಒಂದು ಡೋನಟ್ ಎತ್ತಿ ತೋರಿಸಿದಳು. "ಇದರ ತೂತು ದೊಡ್ಡದು ಮಾಡಿದ್ರೆ ತಿನ್ನೋಕೆ ಏನುಳಿಯುತ್ತೆ? ರಿಮ್ಮು ತೂತು, ಟೈರು ಡೋನಟ್ಟು. ರಿಮ್ ದೊಡ್ಡದಾದಷ್ಟೂ ರಬ್ಬರ್ ತೆಳ್ಳಗೆ. ನಮ್ಮೂರ ರೋಡಲ್ಲಿ ಒಂದು ಗುಂಡಿಗೆ ಬಿದ್ರೆ ಸಾಕು, ರಿಮ್ಮು ಸೊಟ್ಟ, ನಿಮ್ಮಮ್ಮನ ಸೊಂಟನೂ ಸೊಟ್ಟ. ಬ್ಯಾಟರಿನೂ ಬೇಗ ಖಾಲಿ."

ಡೇಲ್ ಡೋನಟ್ ತಿನ್ನುತ್ತಾ ಗೋಡೆಯ ಕಡೆ ನೋಡಿದ. ನೋಡಿದರೆ ಪಾಪ ಅನ್ನಿಸುವಂತಿತ್ತು.

"ಆದ್ರೂ ತೂತು ಎಷ್ಟು ಚೆನ್ನಾಗಿ ಹೊಳೀತಿದೆ ಅಲ್ವಾ ಅಪ್ಪಾ," ಲೆಂಪಿ ಪಿಸುಗುಟ್ಟಿದಳು.

"ಹೂಂ," ಎಂದು ಡೇಲ್ ನಿಟ್ಟುಸಿರು ಬಿಟ್ಟ.

"ಹದಿನೆಂಟಿನದಾದ್ರೆ ಶುಕ್ರವಾರ ಸಂಜೆ ಹಾಕಿಕೊಡ್ತೀನಿ. ಹೊಳೆಯೋದೇ ಬೇಕು ಅಂದ್ರೆ, ಅದಕ್ಕೆ ನಿಮ್ಮ ಟ್ರಕ್ಕಿನ ಭಾರ ತಡೆಯೋ ಟೈರು ಬರೋದು ಮುಂದಿನ ತಿಂಗಳು. ಯೋಚನೆ ಮಾಡಿ." ಫೋನ್ ಬಡಿದುಕೊಂಡಿತು, ಕೋರಾ ಒಳಗೆ ಹೋದಳು.

ಲೆಂಪಿ ಮುಖ ಊದಿಸಿಕೊಂಡು ಆ ಮುಚ್ಚಳದ ಟೈರಿನ ಸುತ್ತ ಒಂದು ಸುತ್ತು ಹಾಕಿದಳು. ಇದನ್ನು ನೋಡಿದರೆ ವೇಡ್ ಏನೆಲ್ಲ ಹೇಳಬಹುದು ಎಂದು ಅವಳಿಗೆ ಈಗಲೇ ಕೇಳಿಸುತ್ತಿತ್ತು. ಆಗ ಟೈರಿನ ಬದಿಯಲ್ಲಿ ಉಬ್ಬಿದ ಅಕ್ಷರಗಳು ಕಣ್ಣಿಗೆ ಬಿದ್ದವು. ಲೋಡ್ ರೇಂಜ್ ಇ.

ಎಲೆಕ್ಟ್ರಿಕ್ ಗಾಡಿ ಇರುವ ಮನೆಯಲ್ಲಿ ದಿನ ಬೆಳಗಾದರೆ ರೇಂಜಿನದೇ ಮಾತು. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ, ಅದೇ ರೇಂಜು. ಇವತ್ತು ರೇಂಜ್ ಎಷ್ಟು, ಚಳಿಗೆ ರೇಂಜ್ ಬಿತ್ತು, ಹೀಟರ್ ಆಫ್ ಮಾಡು ರೇಂಜ್ ಉಳಿಯಲಿ. ಲೆಂಪಿಯ ತಲೆಯಲ್ಲಿ ದೀಪ ಹತ್ತಿಕೊಂಡಿತು.

"ಅಪ್ಪಾ! ಇದು ನಮಗೇ ಮಾಡಿದ್ದು! ರೇಂಜ್ ಅಂತಿದೆ, ‘ಇ’ ಅಂತಿದೆ. ‘ಇ’ ಅಂದ್ರೆ ಎಲೆಕ್ಟ್ರಿಕ್!"

ಡೇಲ್ ಬಗ್ಗಿ ನೋಡಿದ. ತುಟಿಗಂಟಿದ್ದ ಸಕ್ಕರೆ ಒರೆಸಿಕೊಂಡ. "ಹಾಂ, ಅದೇ ಮತ್ತೆ. ನನಗೆ ಗೊತ್ತಿತ್ತು."

ಅವನಿಗೆ ಗೊತ್ತಿರಲಿಲ್ಲ. ಆದರೂ ಕೋರಾ ವಾಪಸ್ಸು ಬಂದಾಗ ಇಬ್ಬರೂ ಒಂದೇ ಬಾಯಲ್ಲಿ, "ಹದಿನೆಂಟೇ ಇರಲಿ," ಎಂದರು. ಇಷ್ಟು ಬೇಗ ಒಪ್ಪಿದ್ದು ಯಾಕೆ ಎಂದು ಕೋರಾ ಕೇಳಲಿಲ್ಲ. ಗಿರಾಕಿ ಒಪ್ಪಿದ ಮೇಲೆ ಕಾರಣ ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

*

"ಹದಿನೆಂಟಾ?" ಮಾರನೇ ದಿನ ಸ್ಕೂಲಿನ ಊಟದ ಮೇಜಿನಲ್ಲಿ ವೇಡ್ ಕಿಸಕ್ಕನೆ ನಕ್ಕ. "ನಮ್ಮ ಡೀಸೆಲ್ಲಿಗೆ ಇಪ್ಪತ್ತು. ಹದಿನೆಂಟಿಂದು ಹುಲ್ಲು ಕತ್ತರಿಸೋ ಮೆಶಿನ್ನಿಗೆ ಹಾಕ್ತಾರೆ ಕಣೇ."

"ನಮ್ಮದು ಸ್ಪೆಷಲ್ ಟೈರು," ಎಂದಳು ಲೆಂಪಿ. "ಲೋಡ್ ರೇಂಜ್ ಇ. ‘ಇ’ ಅಂದ್ರೆ ಎಲೆಕ್ಟ್ರಿಕ್. ನಿಮ್ಮಂಥ ಕೆಮ್ಮೋ ಟ್ರಕ್ಕಿಗೆಲ್ಲ ಕೊಡಲ್ಲ."

"ಸುಳ್ಳು! ನಮ್ಮ ಟೈರ್ ಮೇಲೂ ಲೋಡ್ ರೇಂಜ್ ಇ ಅಂತಾನೇ ಇದೆ. ದಿನಾ ನೋಡ್ತೀನಿ ನಾನು!"

ಹೇಳಿ ಮುಗಿಸುವ ಮೊದಲೇ ವೇಡ್‌ಗೆ ತಾನು ಎಲ್ಲಿ ಕಾಲಿಟ್ಟೆ ಎಂದು ಗೊತ್ತಾಯಿತು.

"ಹಾಗಾದ್ರೆ," ಎಂದಳು ಲೆಂಪಿ, ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿಯ ತುಂಡೊಂದನ್ನು ನಿಧಾನವಾಗಿ ಬಾಯಿಗಿಟ್ಟುಕೊಳ್ಳುತ್ತಾ, "ನಿಮ್ಮ ಡೀಸೆಲ್ಲೂ ಎಲೆಕ್ಟ್ರಿಕ್ಕು."

"ಹೌದು ಕಣ್ರೋ!" ಪಕ್ಕದಲ್ಲಿದ್ದ ಜೆಸ್ಸಾ ಎದ್ದು ನಿಂತಳು. "ಅದರ ಮೂತಿಯಿಂದ ಪ್ಲಗ್ ನೇತಾಡ್ತಿರುತ್ತೆ! ರಾತ್ರಿ ಅವರಪ್ಪ ಗೋಡೆಗೆ ಸಿಗಿಸ್ತಾರೆ. ನಾನೇ ನೋಡಿದ್ದೀನಿ!"

"ಅದು ಇಂಜಿನ್ ಬೆಚ್ಚಗಿಡೋಕೆ!" ವೇಡ್ ಕಿರುಚಿದ. "ಚಳೀಲಿ ಪ್ಲಗ್ ಹಾಕಿಲ್ಲಾಂದ್ರೆ ಬೆಳಿಗ್ಗೆ ಸ್ಟಾರ್ಟೇ ಆಗಲ್ಲ!"

"ಚಾರ್ಜ್ ಮಾಡಿಲ್ಲಾಂದ್ರೆ ನಮ್ಮದೂ ಆಗಲ್ಲ," ಎಂದಳು ಲೆಂಪಿ.

ಮೇಜು ನಗುವಿನಲ್ಲಿ ಅಲುಗಾಡಿತು. ನಿಜ ಹೇಳಬೇಕೆಂದರೆ, ಆ ಊರಿನ ಚಳಿಗೆ ಡೀಸೆಲ್ ಇರುವ ಪ್ರತಿ ಮನೆಯಲ್ಲೂ ಹೀಗೆ ಪ್ಲಗ್ ಹಾಕುತ್ತಾರೆ. ನಕ್ಕವರಲ್ಲಿ ಅರ್ಧ ಜನಕ್ಕೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಹಾಗಂತ ಹೇಳಿದರೆ ನಗು ನಿಂತುಹೋಗುತ್ತಿತ್ತು. ಯಾರೂ ಹೇಳಲಿಲ್ಲ.

ಅವತ್ತಿನಿಂದ ವೇಡ್‌ಗೆ ಉಳಿಗಾಲವಿಲ್ಲದಂತಾಯಿತು. "ವೇಡ್, ಇವತ್ತು ಎಷ್ಟು ಪರ್ಸೆಂಟು?" "ವೇಡ್, ನಿಮ್ಮಪ್ಪ ಪಂಪಲ್ಲಿ ಡೀಸೆಲ್ ಹಾಕಿಸೋ ಥರ ಆ್ಯಕ್ಟಿಂಗ್ ಮಾಡ್ತಾರಂತೆ, ಹೌದಾ?" ಯಾರೋ ಅವನ ಕೋಟಿನ ಕೊಕ್ಕೆಗೆ ಹಳೇ ಮೊಬೈಲ್ ಚಾರ್ಜರ್ ನೇತುಹಾಕಿದರು. ಲೆಂಪಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುರುವಾರ ವೇಡ್ ಊಟದ ಮೇಜಿಗೇ ಬರಲಿಲ್ಲ.

*

ಶುಕ್ರವಾರ ಸಂಜೆ ಟ್ರಕ್ಕು ಕೋರಾಳ ಲಿಫ್ಟಿನ ಮೇಲೆ ಏರಿತು. ಲಿಫ್ಟು ಮುದುಕನಂತೆ ನರಳಿತು.

"ಇದರೊಳಗೆ ಏನು ತುಂಬಿದ್ದೀಯ ಡೇಲ್, ಸರೋವರಾನಾ?" ಎಂದಳು ಕೋರಾ.

"ಬರೀ ಬ್ಯಾಟರಿ," ಎಂದ ಡೇಲ್ ಹೆಮ್ಮೆಯಿಂದ.

"ಅದಕ್ಕೇ ‘ಇ’ ಟೈರು!" ಎಂದಳು ಲೆಂಪಿ. "ಎಲೆಕ್ಟ್ರಿಕ್‌ಗೇ ಅಂತ ಮಾಡಿದ್ದು."

ಕೋರಾ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. "ಏನಂದೆ?"

ಲೆಂಪಿ ಇನ್ನೊಮ್ಮೆ ಹೇಳಿದಳು. ಈ ಸಲ ಅವಳ ದನಿ ಸ್ವಲ್ಪ ಸಣ್ಣಗಾಗಿತ್ತು.

ಕೋರಾ ನಕ್ಕ ರಭಸಕ್ಕೆ ಬೆಕ್ಕು ಕೌಂಟರಿನಿಂದ ಜಿಗಿದು ಓಡಿತು. "ಅಯ್ಯೋ ನನ್ನ ಚಿನ್ನ! ಲೋಡ್ ಅಂದ್ರೆ ಭಾರ. ಸಿ ಅಂತ ಬರೆದಿದ್ರೆ ಇಷ್ಟು ಭಾರ ಹೊರುತ್ತೆ, ಡಿ ಅಂದ್ರೆ ಇನ್ನೂ ಜಾಸ್ತಿ, ‘ಇ’ ಅಂದ್ರೆ ಅದಕ್ಕಿಂತ ಜಾಸ್ತಿ. ಎ ಬಿ ಸಿ ಡಿ ಅಷ್ಟೇ ಕಣೇ! ಭಾರದ ಟ್ರಕ್ಕಿಗೆಲ್ಲ ಇದನ್ನೇ ಹಾಕ್ತೀನಿ. ಆ ವೇಡ್‌ನ ಅಪ್ಪನ ಡೀಸೆಲ್ಲಿಗೂ ನಾನೇ ಹಾಕಿದ್ದು."

ಲೆಂಪಿಯ ಕಿವಿ ಬಿಸಿಯಾಯಿತು. ಅವಳು ಅಪ್ಪನ ಕಡೆ ನೋಡಿದಳು. ಡೇಲ್ ಗೋಡೆಯ ಮೇಲಿನ ರಿಮ್ಮನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ನಿನಗೂ ಗೊತ್ತಿರಲಿಲ್ವಾ?" ಕೋರಾ ಕೇಳಿದಳು.

"ಗೊತ್ತಿತ್ತಪ್ಪ," ಎಂದ ಡೇಲ್. ಆಮೇಲೆ ತಲೆ ಕೆರೆದುಕೊಂಡು, "ಹೋಟೆಲಲ್ಲಿ ಒಂದು ಹತ್ತು ಜನಕ್ಕೆ ಹೇಳಿಬಿಟ್ಟಿದ್ದೀನಿ," ಎಂದ.

ಮನೆಗೆ ಹೋಗುವಾಗ ಟ್ರಕ್ಕು ಮಂಜಿನ ಮೇಲೆ ಗಟ್ಟಿಯಾಗಿ ಕಾಲೂರಿ ನಡೆಯಿತು. ಸಿಗ್ನಲ್ಲಿನಲ್ಲೂ ಡೇಲ್ ಮೆಲ್ಲಗೆ ಹೊರಟ. ಫೋನ್ ಮಾಡಿ ವೇಡ್‌ಗೆ ಹೇಳಬಹುದಿತ್ತು. ಸೋಮವಾರ ಹೇಳಿದರಾಯಿತು ಎಂದುಕೊಂಡಳು ಲೆಂಪಿ. ಹಬ್ಬ ಮುಗಿಯಲಿ. ಆಮೇಲೆ ಯಾರಿಗೂ ಅದು ನೆನಪೇ ಇರದಿದ್ದರೆ ಇನ್ನೂ ಒಳ್ಳೆಯದು.

*

ಶನಿವಾರ ಬೆಳಿಗ್ಗೆ ಮಿಸ್ ಪೆಲ್ಟೊ ನಾಲ್ಕೂ ಟೈರುಗಳನ್ನು ಬೂಟಿನಿಂದ ಒಮ್ಮೊಮ್ಮೆ ಒದ್ದು ನೋಡಿದರು. "ನೋಡೋಕೆ ಚೆನ್ನಾಗಿಲ್ಲ. ಆದ್ರೆ ಗಟ್ಟಿ ಇದೆ. ಲೆಂಪಿ, ತಲೆ ನಿನ್ನದೇ."

ಲೆಂಪಿ ಕುಣಿದಾಡಿದಳು. ಟ್ರೇಲರ್ ಮೇಲೆ ಕರಡಿ ಸಿದ್ಧವಾಗಿತ್ತು. ಅದರ ದವಡೆ ಬಟ್ಟೆ ಒಗೆಯಲು ಹಾಕುವ ಬುಟ್ಟಿಯದು, ಹಲ್ಲು ರಟ್ಟಿನದು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ನುಸುಳಿದರು.

"ಹಿಂದಿನ ಎಡಗಾಲು ಎಲ್ಲಿ?" ಮಿಸ್ ಪೆಲ್ಟೊ ಕೇಳಿದರು. "ಹಿಂದಿನ ಎಡಗಾಲಿಲ್ಲದೆ ಕರಡಿ ಹೇಗೆ ಹೊರಳುತ್ತೆ? ವೇಡ್ ಎಲ್ಲಿ?"

"ಚಾರ್ಜಿಗೆ ಹಾಕಿರಬೇಕು!" ಕರಡಿಯ ಹೊಟ್ಟೆಯೊಳಗಿಂದ ಜೆಸ್ಸಾ ಕೂಗಿದಳು. ಹೊಟ್ಟೆ ಕಿಲಕಿಲ ನಕ್ಕಿತು.

ಲೆಂಪಿ ಸುತ್ತ ನೋಡಿದಳು. ರಸ್ತೆಯಾಚೆ ಡೀಸೆಲ್ ಟ್ರಕ್ಕು ನಿಂತಿತ್ತು. ಅದರೊಳಗೆ ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು ವೇಡ್ ಕೂತಿದ್ದ. ಅವಳು ಓಡಿಹೋಗಿ ಕಿಟಕಿ ಬಡಿದಳು. ಗಾಜು ನಾಲ್ಕು ಬೆರಳಿನಷ್ಟು ಇಳಿಯಿತು.

"ಬಾರೋ. ಎಲ್ಲರೂ ಕಾಯ್ತಿದ್ದಾರೆ."

"ಬರಲ್ಲ."

"ಕರಡಿ ಹೊರಳಬೇಕಲ್ಲೋ!"

"ಹೊರಳಿಸ್ಕೊಳ್ಳಿ. ನನ್ನ ಚಾರ್ಜ್ ಮುಗಿದಿದೆ," ಎಂದ ವೇಡ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಲೆಂಪಿ ಕಾಲಿನಿಂದ ಮಂಜು ಕೆದಕಿದಳು. "ಅದೂ... ‘ಇ’ ಅಂದ್ರೆ ಎಲೆಕ್ಟ್ರಿಕ್ ಅಲ್ವಂತೆ. ಎಷ್ಟು ಭಾರ ಹೊರುತ್ತೆ ಅನ್ನೋದಂತೆ. ಕೋರಾ ಹೇಳಿದ್ಳು."

"ಯಾವಾಗ?"

"ನಿನ್ನೆ."

"ನಿನ್ನೆನೇ ಗೊತ್ತಾಯ್ತಾ?" ವೇಡ್ ಟೋಪಿ ಮೇಲೆತ್ತಿದ. ಅವನ ಕಣ್ಣು ಕೆಂಪಾಗಿತ್ತು. "ಮತ್ತೆ ನಿನ್ನೆನೇ ಯಾಕೆ ಹೇಳಲಿಲ್ಲ?"

ಲೆಂಪಿಯ ಹತ್ತಿರ ಉತ್ತರ ಇತ್ತು. ಹೇಳುವಂಥದ್ದಾಗಿರಲಿಲ್ಲ.

"ಹೇಳೋದಾದ್ರೆ ಅವರಿಗೆ ಹೇಳು," ಎಂದು ವೇಡ್ ಕರಡಿಯ ಕಡೆ ಗಲ್ಲ ತೋರಿಸಿದ. "ನನಗ್ಯಾಕೆ ಹೇಳ್ತೀಯ? ನನಗೆ ಮೊದಲಿಂದಲೂ ಗೊತ್ತು ನಮ್ಮದು ಡೀಸೆಲ್ ಅಂತ."

ಗಾಜು ಮೇಲೇರಿತು.

ಲೆಂಪಿ ವಾಪಸ್ಸು ಬಂದಳು. ರಸ್ತೆ ದಾಟುವಷ್ಟು ದೂರ. ಅಷ್ಟಕ್ಕೇ ಅವಳ ಬೂಟು ಮಣಭಾರವಾಯಿತು. ಕರಡಿಯ ಬಾಯೊಳಗೆ ತಲೆ ತೂರಿಸಿ ಅವಳು ಕೂಗಿದಳು.

"ಎಲ್ಲರೂ ಕೇಳಿ! ‘ಇ’ ಅಂದ್ರೆ ಎಲೆಕ್ಟ್ರಿಕ್ ಅಲ್ಲ! ನನಗೆ ಗೊತ್ತಿರಲಿಲ್ಲ, ನಾನೇ ಕಟ್ಟಿ ಹೇಳಿದ್ದು. ವೇಡ್ ಟ್ರಕ್ಕಿನ ಪ್ಲಗ್ಗು ಇಂಜಿನ್ ಬೆಚ್ಚಗಿಡೋಕೇನೇ. ಅವನು ಹೇಳಿದ್ದೆಲ್ಲ ನಿಜ!"

ಹೊಟ್ಟೆಯಿಂದ ಒಂದು ಸಣ್ಣ ದನಿ ಬಂತು. "ಮತ್ತೆ ‘ಇ’ ಅಂದ್ರೆ ಏನು ಲೆಂಪಿ? ಇಲಿನಾ?"

ಇಡೀ ಕರಡಿ ಅಲುಗಾಡುವಂತೆ ನಕ್ಕರು. ಲೆಂಪಿ ತಲೆಯ ಜಾಗದಲ್ಲಿ ಹೋಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ಕರಡಿಯ ಬಾಲದ ಕಡೆ ರಜಾಯಿ ಮೇಲೆದ್ದಿತು. ತಣ್ಣನೆಯ ಗಾಳಿಯ ಜೊತೆ ಯಾರೋ ಒಳಗೆ ನುಸುಳಿದರು.

"ಥೂ, ಯಾರ ಕಾಲುಚೀಲ ಇದು?" ಎಂದಿತು ಹಿಂದಿನ ಎಡಗಾಲು.

*

ಟ್ರಕ್ಕು ಸದ್ದಿಲ್ಲದೆ ಹೊರಟಿತು. ಕರಡಿ ಕೆಮ್ಮಲಿಲ್ಲ. ಆದರೆ ಅದರ ಹೊಟ್ಟೆ ಬಾಯಿ ಮುಚ್ಚಿಕೊಂಡಿರಲಿಲ್ಲ.

"‘ಇ’ ಅಂದ್ರೆ ಇರುವೆ!"

"‘ಇ’ ಅಂದ್ರೆ ಇಟ್ಟಿಗೆ! ಲೆಂಪಿ ತಲೇಲಿರೋದು!"

ಒಂದೊಂದಕ್ಕೂ ಹೊಟ್ಟೆ ಕುಲುಕಿ ಕುಲುಕಿ ನಗುತ್ತಿತ್ತು. ರಸ್ತೆಯ ಬದಿಯಲ್ಲಿ ನಿಂತವರು, "ಕರಡಿಗೆ ಕನಸು ಬಿದ್ದಿದೆ," ಎಂದು ಮಕ್ಕಳಿಗೆ ತೋರಿಸಿದರು. ಲೆಂಪಿ ಬುಟ್ಟಿಯ ದವಡೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಹೊರಗೆ ಇಡೀ ಊರು ಅವಳ ಕಡೆ ಕೈಬೀಸುತ್ತಿತ್ತು. ಅವಳಿಗೆ ಅದ್ಯಾವುದೂ ಸರಿಯಾಗಿ ಕಾಣಲಿಲ್ಲ. ಮುಖಕ್ಕೆ ಬಡಿಯುವ ಗಾಳಿಗೆ ಕಣ್ಣಲ್ಲಿ ನೀರು ಬಂತು, ಗಾಳಿಗೇ ಅಂತ ಇಟ್ಟುಕೊಳ್ಳೋಣ.

"ವೇಡ್, ನೀನು ಹೇಳೋ!" ಜೆಸ್ಸಾ ಕೂಗಿದಳು. "ನೀನು ಹೇಳಿದ್ರೇನೇ ಮಜಾ!"

ಒಳಗೆ ಎಲ್ಲರೂ ಬಾಲದ ಕಡೆ ತಿರುಗಿದರು. ಕ್ಲಾಸಿನಲ್ಲಿ ವೇಡ್‌ನಷ್ಟು ಚುರುಕು ನಾಲಿಗೆ ಯಾರಿಗೂ ಇರಲಿಲ್ಲ. ಅವನು ಒಂದು ಅಡ್ಡಹೆಸರು ಇಟ್ಟರೆ ಅದು ವರ್ಷಗಟ್ಟಲೆ ಅಂಟಿಕೊಳ್ಳುತ್ತಿತ್ತು. ಲೆಂಪಿ ಕಣ್ಣು ಮುಚ್ಚಿದಳು. ಬರಲಿ, ಏನು ಬರುತ್ತದೋ ಬರಲಿ.

"‘ಇ’ ಅಂದ್ರೆ..." ಹಿಂದಿನ ಕತ್ತಲಿನಿಂದ ವೇಡ್‌ನ ದನಿ ಬಂತು. ಅವನು ಯೋಚಿಸುತ್ತಿದ್ದ. "‘ಇ’ ಅಂದ್ರೆ ಇರಲಿ ಬಿಡ್ರೋ. ಏರು ಬಂತು. ಹೊರಳೋಕೆ ರೆಡಿಯಾಗಿ."

ಟ್ರಕ್ಕು ಮೂತಿ ಎತ್ತಿತು. ಹೊಸ ಟೈರುಗಳು ಮಂಜನ್ನು ಕಚ್ಚಿ ಹಿಡಿದು, ಒಂದಿಂಚೂ ಜಾರದೆ ಕ್ವಾರಿ ಸ್ಟ್ರೀಟಿನ ಏರು ಹತ್ತತೊಡಗಿದವು. ಮಿಸ್ ಪೆಲ್ಟೊ ಸೀಟಿ ಊದಿದರು. ಮಕ್ಕಳೆಲ್ಲ ಒಂದೇ ಸಲ ಹೊರಳಿದರು. ಕರಡಿ ಠೀವಿಯಿಂದ ಮಗ್ಗುಲು ಬದಲಿಸಿತು. ಊರು ಚಪ್ಪಾಳೆ ತಟ್ಟಿತು.

ಈಗ ತಲೆ ಗರ್ಜಿಸಬೇಕು. ಲೆಂಪಿ ಬಾಯಿ ತೆರೆದಳು. ದನಿ ಹೊರಡಲಿಲ್ಲ.

"ಏ ಕರಡೀ! ನಿದ್ದೆ ಬಂತೇನೇ?" ಜನರ ನಡುವಿನಿಂದ ಮುಮ್ಮು ಕೂಗಿದಳು.

"ಲೆಂಪಿ, ಗರ್ಜಿಸೇ!" ಹಿಂದಿನಿಂದ ವೇಡ್ ಕೂಗಿದ. "ಈಗಲೇ!"

ಲೆಂಪಿ ಕತ್ತಲಿನೊಳಕ್ಕೆ ಕತ್ತು ತಿರುಗಿಸಿದಳು. "ನೀನೂ ಬಾರೋ ಜೊತೆಗೆ! ಒಬ್ಬಳಿಗೇ ಆಗ್ತಿಲ್ಲ!"

ಆ ವರ್ಷ ಆಲ್ಡರ್ ಬೇ ಕರಡಿ ಎರಡೂ ಕಡೆಯಿಂದ ಗರ್ಜಿಸಿತು. ಮುಂದಿನಿಂದ ಬಂದದ್ದು ಪರವಾಗಿರಲಿಲ್ಲ. ಬಾಲದ ಬುಡದಿಂದ ಬಂದದ್ದು ಎಷ್ಟು ಜೋರಾಗಿತ್ತೆಂದರೆ, ಜನ ಒಂದು ಕ್ಷಣ ಬೆಚ್ಚಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಮ್ಮು ಕಾಫಿ ಚೆಲ್ಲಿಕೊಂಡಳು.

ಲೆಂಪಿಗೂ ನಗು ತಡೆಯಲಾಗಲಿಲ್ಲ. ವಾರವೆಲ್ಲ ನಕ್ಕಿದ್ದಳು. ಆದರೆ ಹಿಂದಿನ ಕತ್ತಲಿನಿಂದ ವೇಡ್ ನಗುವುದು ಕೇಳಿಸಿದಾಗ, ಅಷ್ಟು ದಿನದ ನಗುವಿನಲ್ಲಿ ಏನು ಕಮ್ಮಿಯಿತ್ತೆಂದು ಅವಳಿಗೆ ಗೊತ್ತಾಯಿತು.